ಬಯಲಿನ ಕಾಯಿ, ಘಟ್ಟದ ಹಸಿವು

ಅರೇಬಿಕಾ ಹಣ್ಣು ಕೆಂಪಾಗುವ ಹೊತ್ತಿಗೆ ಮೂಡಿಗೆರೆ ಸೀಮೆಯ ಲೈನ್ ಮನೆಗಳು ತುಂಬಿಕೊಳ್ಳುತ್ತವೆ. ಚಳ್ಳಕೆರೆ, ಹಿರಿಯೂರು, ಹೊಸದುರ್ಗ, ಕಡೂರು ಕಡೆಯ ಜನ ಹೊಲದ ಕೆಲಸ ಮುಗಿಸಿಕೊಂಡು ಕಾಫಿ ಕುಯ್ಲಿಗೆಂದು ಘಟ್ಟ ಹತ್ತುತ್ತಾರೆ. ಹಾಸಿಗೆ ಸುರುಳಿ, ಪಾತ್ರೆಯ ಚೀಲ, ಒಂದಿಷ್ಟು ರಾಗಿಹಿಟ್ಟು, ಜೊತೆಗೆ ಆಗಷ್ಟೇ ಕಿತ್ತು ಒಣಗಿಸಿದ ಶೇಂಗಾದ ಗಂಟು. ಹೋದ ವರ್ಷ ನಮ್ಮ ಪಕ್ಕದ ತೋಟದಲ್ಲಿ ಹಣ್ಣು ಬಿಡಿಸುತ್ತಿದ್ದ ಹೆಂಗಸೊಬ್ಬರು ಹತ್ತು ಗಂಟೆಯ ಬಿಡುವಿನಲ್ಲಿ ಸೆರಗಿನ ಗಂಟು ಬಿಚ್ಚಿ ಹುರಿದ ಕಾಯಿಯನ್ನು ಒಂದು ಬೊಗಸೆ ನನ್ನ ಕೈಗೂ ಸುರಿದರು. ಹಣ್ಣಿನ ಅಂಟು ಹಿಡಿದು ಅವರ ಬೆರಳ ತುದಿಗಳು ಕಪ್ಪಾಗಿದ್ದವು. ಹೆಬ್ಬೆರಳಿನಿಂದ ಒಮ್ಮೆ ಒತ್ತಿದರೆ ಸಾಕು, ಸಿಪ್ಪೆ ಟಪ್ಪೆಂದು ಬಾಯಿ ಬಿಡುತ್ತಿತ್ತು. "ಇದನ್ನ ತಿಂದು ಒಂದು ಚೊಂಬು ನೀರು ಕುಡಿದ್ರೆ ಊಟದ ತನಕ ಹೊಟ್ಟೆ ತಡಿತೈತಣ್ಣ. ಬನ್ನು ತಿಂದ್ರೆ ಒಂದು ಗಂಟೇಲೇ ಹಸಿವು" ಅಂದರು.

ಆಕೆ ಹೇಳಿದ್ದು ಅಕ್ಷರಶಃ ನಿಜ. ಅದು ಯಾಕೆ ನಿಜ, ಎಲ್ಲಿಯವರೆಗೆ ನಿಜ, ನಮ್ಮ ಮಳೆಸೀಮೆಯಲ್ಲಿ ಅದಕ್ಕೆ ಏನು ಅಡ್ಡಿ ಎಂದು ಹೇಳುವುದಕ್ಕೆ ಈ ಬರಹ.

ಕಡ್ಲೆಕಾಯಿ ಮಲೆನಾಡಿನ ಬೆಳೆಯಲ್ಲ. ವರ್ಷಕ್ಕೆ 2000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಕಳಸದ ಮಣ್ಣು ಅದಕ್ಕೆ ಆಗಿಬರುವುದಿಲ್ಲ. 500 ಮಿಲಿಮೀಟರ್ ಆಸುಪಾಸಿನಲ್ಲಿ ಬದುಕುವ ಚಳ್ಳಕೆರೆಯ ಕೆಂಪು ಮರಳುಮಣ್ಣು ಅದಕ್ಕೆ ತವರು. ಗಿಡದ ನಡತೆಯೇ ಹಾಗಿದೆ. ಹಳದಿ ಹೂವು ನೆಲದ ಮೇಲೆ ಅರಳುತ್ತದೆ. ಹೂವು ಬಾಡಿದ ಮೇಲೆ ಅದರ ಬುಡದಿಂದ ಸೂಜಿಯಂಥ ಕಡ್ಡಿಯೊಂದು ಹೊರಟು, ಬಾಗಿ, ಮಣ್ಣಿಗೆ ಚುಚ್ಚಿಕೊಂಡು, ಕತ್ತಲಲ್ಲಿ ಕಾಯಿ ಕಟ್ಟುತ್ತದೆ. ಅದಕ್ಕೆ ಮಣ್ಣು ಸಡಿಲವಾಗಿರಬೇಕು, ನೀರು ನಿಲ್ಲಬಾರದು. ನಮ್ಮ ಜಿಲ್ಲೆಯೊಳಗೇ ಕಡೂರು, ಅಜ್ಜಂಪುರದ ಬಯಲಿನಲ್ಲಿ ಅದನ್ನು ಕಾಣಬಹುದು. ಕೈಮರದಿಂದ ಗಿರಿಯ ದಾರಿ ಹಿಡಿದ ಮೇಲೆ ಕಾಣಸಿಗದು. ಚಳ್ಳಕೆರೆ, ಪಾವಗಡದ ರೈತರು ಇವತ್ತಿಗೂ ನೆಚ್ಚಿಕೊಂಡಿರುವ ಟಿಎಂವಿ-2 ತಳಿ 1940ರಲ್ಲಿ ತಿಂಡಿವನಂ ಸಂಶೋಧನಾ ಕೇಂದ್ರದಿಂದ ಬಂದದ್ದು. ಎಷ್ಟೋ ಹೊಸ ತಳಿಗಳು ಬಂದರೂ ಮಳೆ ಕೈಕೊಟ್ಟ ವರ್ಷ ಒಂದಿಷ್ಟಾದರೂ ಕೈಗೆ ಸಿಗುತ್ತದೆಂಬ ನಂಬಿಕೆ ಅದರ ಮೇಲೆ.

ದಕ್ಷಿಣ ಅಮೆರಿಕದಲ್ಲಿ ಹುಟ್ಟಿ ಪೋರ್ಚುಗೀಸರ ಹಡಗು ಹತ್ತಿ ಹೊರಟ ಕಾಯಿ ಇದು. ನಮ್ಮ ಗಿರಿಗೆ ಕಾಫಿಯನ್ನು ಬಾಬಾಬುಡನ್ ಅವರು 17ನೇ ಶತಮಾನದಲ್ಲಿ ಯೆಮೆನ್‌ನಿಂದ ಏಳು ಬೀಜಗಳಾಗಿ ತಂದರೆಂಬ ನಂಬಿಕೆಯಿದೆ. ಇಬ್ಬರೂ ಕಡಲು ದಾಟಿ ಬಂದ ನೆಂಟರೇ. ಒಬ್ಬರು ಬಯಲಿನಲ್ಲಿ, ಇನ್ನೊಬ್ಬರು ಮರದ ನೆರಳಿನಲ್ಲಿ ನೆಲೆನಿಂತರು. ಒಂದು ಬೆಳೆಯ ಕುಯ್ಲು ಮುಗಿಯುವಾಗ ಇನ್ನೊಂದರ ಕುಯ್ಲು ಶುರುವಾಗುವುದರಿಂದ, ವರ್ಷದ ಅತಿ ಕಷ್ಟದ ದುಡಿಮೆಯ ತಿಂಗಳುಗಳಲ್ಲೇ ಘಟ್ಟಕ್ಕೆ ಅತಿ ತಾಜಾ ಕಡ್ಲೆಕಾಯಿ ಬಂದು ತಲುಪುತ್ತದೆ. ಈ ಹೊಂದಾಣಿಕೆಯನ್ನು ನಾವು ಸರಿಯಾಗಿ ಬಳಸಿಕೊಂಡಿಲ್ಲ ಎಂಬುದು ನನ್ನ ಕೊರಗು.

ಈಗ ಹೊಟ್ಟೆಯ ಲೆಕ್ಕ. ನೂರು ಗ್ರಾಂ ಕಡ್ಲೆಬೀಜದಲ್ಲಿ ಸುಮಾರು 25 ಗ್ರಾಂ ಪ್ರೋಟೀನು, 49 ಗ್ರಾಂ ಕೊಬ್ಬು, 8 ಗ್ರಾಂ ನಾರು, 560ಕ್ಕೂ ಹೆಚ್ಚು ಕ್ಯಾಲೊರಿ. ಅಷ್ಟೇ ತೂಕದ ಬಾದಾಮಿಯಲ್ಲಿ ಪ್ರೋಟೀನು 21 ಗ್ರಾಂ ಮಾತ್ರ, ಬೆಲೆಯೋ ಹಲವು ಪಟ್ಟು. ಕಡ್ಲೆಕಾಯಿಗೆ 'ಬಡವರ ಬಾದಾಮಿ' ಎನ್ನುವುದು ರೂಢಿ. ನನಗೆ ಆ ಹೆಸರು ಹಿಡಿಸುವುದಿಲ್ಲ, ಅದರಲ್ಲಿ ಕಡ್ಲೆಕಾಯಿ ಏನೋ ಅಗ್ಗದ ಬದಲಿ ಎಂಬ ಧ್ವನಿಯಿದೆ. ಪ್ರೋಟೀನಿನ ಲೆಕ್ಕದಲ್ಲಿ ಬಾದಾಮಿಯೇ ಇದರ ಹಿಂದೆ ನಿಲ್ಲಬೇಕು. ಸಸ್ಯಶಾಸ್ತ್ರದ ಲೆಕ್ಕದಲ್ಲೂ ಇದು ಬಾದಾಮಿಯ ಬಳಗವಲ್ಲ, ತೊಗರಿ, ಹೆಸರು, ಅವರೆಯ ಒಡಹುಟ್ಟು.

ಒಂದು ಹಿಡಿ, ಅಂದರೆ ಸಿಪ್ಪೆ ಬಿಡಿಸಿದ ಸುಮಾರು 30 ಗ್ರಾಂ ಬೀಜ ತಿಂದರೆ 170 ಕ್ಯಾಲೊರಿ, ಏಳೂವರೆ ಗ್ರಾಂ ಪ್ರೋಟೀನು ಸಿಗುತ್ತದೆ. ಒಂದು ಮೊಟ್ಟೆಯಷ್ಟು ಎನ್ನಿ. ಬನ್ನಿನ ಮೈದಾ ಹೊಟ್ಟೆಯೊಳಗೆ ಬೇಗ ಕರಗಿ ರಕ್ತದ ಸಕ್ಕರೆಯನ್ನು ಏರಿಸಿ, ಅಷ್ಟೇ ಬೇಗ ಇಳಿಸಿಬಿಡುತ್ತದೆ. ಆಹಾರ ಎಷ್ಟು ವೇಗವಾಗಿ ಸಕ್ಕರೆ ಏರಿಸುತ್ತದೆ ಎಂದು ಅಳೆಯುವ ಗ್ಲೈಸೆಮಿಕ್ ಸೂಚ್ಯಂಕದಲ್ಲಿ ಬಿಳಿ ಬ್ರೆಡ್ಡು 70ರ ಮೇಲಿದ್ದರೆ ಕಡ್ಲೆಕಾಯಿ 14ರ ಆಸುಪಾಸಿನಲ್ಲಿದೆ. ಅದರ ಕೊಬ್ಬು ಮತ್ತು ನಾರು ಜಠರ ಬೇಗ ಖಾಲಿಯಾಗದಂತೆ ತಡೆದು ಹಿಡಿಯುತ್ತವೆ. ಆ ಹೆಂಗಸು 'ತಡಿತೈತೆ' ಅಂದದ್ದು ಇದನ್ನೇ. ಸಕ್ಕರೆ ಕಾಯಿಲೆಯವರಿಗೂ ಸಂಜೆಯ ಬಿಸ್ಕತ್ತಿಗಿಂತ ಇದು ಒಳ್ಳೆಯದಾಗುವುದಕ್ಕೆ ಕಾರಣ ಅದೇ. ಇದರ ಮೇಲೆ ನಿಯಾಸಿನ್ ಎಂಬ ಬಿ ವಿಟಮಿನ್ನು ಆ ಒಂದು ಹಿಡಿಯಲ್ಲೇ ದಿನದ ಅಗತ್ಯದ ಕಾಲುಭಾಗದಷ್ಟು, ಗರ್ಭಿಣಿಯರಿಗೆ ಬೇಕೇಬೇಕಾದ ಫೋಲೇಟು 70 ಮೈಕ್ರೋಗ್ರಾಂನಷ್ಟು, ಜೊತೆಗೆ ವಿಟಮಿನ್ ಇ, ಮೆಗ್ನೀಷಿಯಂ. ಬೀಜದ ಮೇಲಿನ ಕೆಂಪು ಹೊಟ್ಟಿನಲ್ಲಿ ರಕ್ತನಾಳಗಳಿಗೆ ಒಳ್ಳೆಯದೆನಿಸಿರುವ ಪಾಲಿಫಿನಾಲ್‌ಗಳಿವೆ. ಚಟ್ನಿಗೆಂದು ಹೊಟ್ಟು ಉಜ್ಜಿ ಊದಿ ತೆಗೆಯುವ ನಮ್ಮ ಅಭ್ಯಾಸದಲ್ಲಿ ಅದು ಅಂಗಳದ ಪಾಲಾಗುತ್ತಿದೆ.

ಹೃದಯದ ವಿಚಾರಕ್ಕೆ ಬಂದರೆ, 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಅಮೆರಿಕದ ದಕ್ಷಿಣ ರಾಜ್ಯಗಳ ಮತ್ತು ಚೀನಾದ ಶಾಂಘೈ ನಗರದ ಒಟ್ಟು ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ ಅದು. ಅಮೆರಿಕದವರಲ್ಲಿ ಹೆಚ್ಚಿನವರು ಕಡಿಮೆ ಆದಾಯದವರು. ಅವರು ತಿನ್ನುತ್ತಿದ್ದದ್ದು ಗೋಡಂಬಿ, ಬಾದಾಮಿಗಿಂತ ಹೆಚ್ಚಾಗಿ ಕಡ್ಲೆಬೀಜವನ್ನೇ. ಹೆಚ್ಚು ತಿನ್ನುವವರಲ್ಲಿ ಸಾವಿನ ಪ್ರಮಾಣ ಅಮೆರಿಕದಲ್ಲಿ ಶೇ 21ರಷ್ಟು, ಶಾಂಘೈಯಲ್ಲಿ ಶೇ 17ರಷ್ಟು ಕಡಿಮೆ ಕಂಡಿತು, ಹೃದಯದ ಕಾಯಿಲೆಯಿಂದ ಬರುವ ಸಾವು ಅದರಲ್ಲೂ ಕಡಿಮೆ. ಇದು ಗಮನಿಸಿ ಬರೆದ ಲೆಕ್ಕವೇ ಹೊರತು ಔಷಧದಂತೆ ಕೊಟ್ಟು ಪರೀಕ್ಷಿಸಿದ್ದಲ್ಲ. ಕಡ್ಲೆಕಾಯಿ ತಿನ್ನುವವರ ಉಳಿದ ಅಭ್ಯಾಸಗಳೂ ಚೆನ್ನಾಗಿದ್ದಿರಬಹುದು. ಆದರೂ ಬಡವರ ಬಾಯಿಗೆ ಎಟಕುವ ಕಾಳೊಂದು ದುಬಾರಿ ಬೀಜಗಳಿಗೆ ಸಮನಾಗಿ ನಿಂತದ್ದು ಸಣ್ಣ ಮಾತಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯ ದಿನದ ತಟ್ಟೆಯಲ್ಲೂ ಬೀಜಗಳಿಗೆ 35 ಗ್ರಾಂ ಜಾಗವಿದೆ.

ಇನ್ನು, ಕಡ್ಲೆಕಾಯಿಯ ಹೊಗಳಿಕೆಯಲ್ಲಿ ನಾವು ಕೇಳುವ ಎರಡು ಮಾತುಗಳನ್ನು ತಿದ್ದಬೇಕು. ಎರಡೂ ಮಲೆನಾಡಿಗೆ ನೇರವಾಗಿ ತಟ್ಟುವಂಥವು.

ಮೊದಲನೆಯದು, ಕಡ್ಲೆಬೀಜ ಇದ್ದರೆ ಬೇಳೆ ಬೇಡ ಎಂಬುದು. ಪ್ರೋಟೀನು ಹಲವು ಅಮೈನೊ ಆಮ್ಲಗಳಿಂದ ಕಟ್ಟಿದ ಸರ. ಅದರಲ್ಲಿ ಲೈಸಿನ್ ಎಂಬ ಮಣಿ ಅಕ್ಕಿಯಲ್ಲಿ ಕಡಿಮೆ. ಬೇಳೆಕಾಳುಗಳಲ್ಲಿ ಅದು ಧಾರಾಳವಾಗಿರುವುದರಿಂದಲೇ ಅನ್ನ-ಸಾರು ಒಂದನ್ನೊಂದು ತುಂಬಿಕೊಡುತ್ತವೆ. ಕಡ್ಲೆಕಾಯಿ ಬೇಳೆಯ ಬಳಗಕ್ಕೇ ಸೇರಿದ್ದರೂ ಅದರಲ್ಲಿ ಲೈಸಿನ್ ಅಕ್ಕಿಯಷ್ಟೇ ಬಡವಾಗಿದೆ. ಮೂರು ಹೊತ್ತೂ ಅಕ್ಕಿಯನ್ನೇ ಕಡುಬು, ರೊಟ್ಟಿ, ಅನ್ನ, ಗಂಜಿಯಾಗಿ ಉಣ್ಣುವ ನಮ್ಮಲ್ಲಿ ಅಕ್ಕಿರೊಟ್ಟಿಗೆ ಕಡ್ಲೆಬೀಜದ ಚಟ್ನಿ ರುಚಿಗೆ ಸೊಗಸು, ಆದರೆ ಅಷ್ಟರಿಂದಲೇ ಪ್ರೋಟೀನು ಪೂರ್ತಿಯಾಗುವುದಿಲ್ಲ. ಮಧ್ಯಾಹ್ನಕ್ಕೆ ಹುರುಳಿ ಸಾರೋ ಹೆಸರುಕಾಳಿನ ಪಲ್ಯವೋ ಮೊಟ್ಟೆಯೋ ಮೀನೋ ಮಜ್ಜಿಗೆಯೋ ಇದ್ದರೆ ಚಟ್ನಿಯ ಪ್ರೋಟೀನೂ ಮೈಗೆ ಹತ್ತುತ್ತದೆ.

ಎರಡನೆಯದು, ಕಡ್ಲೆಕಾಯಿ-ಬೆಲ್ಲ ತಿಂದರೆ ರಕ್ತ ಬರುತ್ತದೆ ಎಂಬುದು. ಈ ಮಾತನ್ನು ಹೇಳದ ಅಜ್ಜಿಯಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಇಳಿಜಾರಿನಲ್ಲಿ ನಿಂತು ದಿನವಿಡೀ ಹಣ್ಣು ಬಿಡಿಸಿ, ಸಂಜೆ ಮೂಟೆ ಹೊತ್ತು ಕಣಕ್ಕೆ ತರುವ ಹೆಂಗಸಿಗೆ ರಕ್ತ ಕಡಿಮೆಯಾದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಒಂದು ಹಿಡಿ ಕಡ್ಲೆಬೀಜದಲ್ಲಿ ಇರುವ ಕಬ್ಬಿಣ ಒಂದರಿಂದ ಒಂದೂವರೆ ಮಿಲಿಗ್ರಾಂ ಒಳಗೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುವಂತೆ ಹೆಂಗಸಿಗೆ ದಿನಕ್ಕೆ ಬೇಕಾದದ್ದು 29 ಮಿಲಿಗ್ರಾಂ. ಇರುವ ಅಷ್ಟನ್ನೂ ಬೀಜದೊಳಗಿನ ಫೈಟೇಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಆದ್ದರಿಂದ ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣದ ಮಾತ್ರೆಯ ಬದಲಿಗೆ ಕಡ್ಲೆಮಿಠಾಯಿ ಎಂದು ಯಾರೂ ತಿಳಿಯಬಾರದು.

ಇಲ್ಲಿ ಕಾಫಿಯವರಾದ ನಾವು ತಿಳಿದಿರಬೇಕಾದ ಸಂಗತಿಯೊಂದಿದೆ. ಕಾಫಿಯಲ್ಲೂ ಚಹಾದಲ್ಲೂ ಇರುವ ಒಗರು ಅಂಶಗಳು ಊಟದ ಕಬ್ಬಿಣವನ್ನು ಕಟ್ಟಿಹಾಕುತ್ತವೆ. 1983ರಲ್ಲಿ ಅಮೆರಿಕದಲ್ಲಿ ನಡೆದ ಪ್ರಯೋಗವೊಂದರಲ್ಲಿ ಊಟದ ಜೊತೆ ಒಂದು ಲೋಟ ಕಾಫಿ ಕುಡಿದಾಗ ಮೈಗೆ ಸೇರುವ ಕಬ್ಬಿಣ ಶೇ 39ರಷ್ಟು ಕುಸಿಯಿತು. ಚಹಾ ಕುಡಿದಾಗ ಶೇ 64ರಷ್ಟು. ಊಟವಾಗಿ ಒಂದು ಗಂಟೆಯ ಮೇಲೆ ಕಾಫಿ ಕುಡಿದರೂ ನಷ್ಟ ಅಷ್ಟೇ, ಆದರೆ ಊಟಕ್ಕೆ ಒಂದು ಗಂಟೆ ಮುಂಚೆ ಕುಡಿದಾಗ ನಷ್ಟವೇ ಇರಲಿಲ್ಲ. ಬೆಳಗಾಗೆದ್ದು ಮೊದಲು ಕಾಫಿ, ಆಮೇಲೆ ಸಾವಕಾಶವಾಗಿ ತಿಂಡಿ ಎಂಬ ನಮ್ಮ ಹಳೆಯ ಮನೆಗಳ ಕ್ರಮ ಸರಿಯಾಗೇ ಇತ್ತು. ಹತ್ತು ಗಂಟೆಗೆ ಕಡ್ಲೆಕಾಯಿ ಮತ್ತು ಚಹಾ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುವುದು ಮಾತ್ರ ತಪ್ಪು. ತೋಟದ ಬದುವಿನಲ್ಲೇ ಕುಯ್ಲಿನ ಹೊತ್ತಿಗೆ ಕಿತ್ತಳೆ ಇರುತ್ತದೆ, ಸೀಬೆ ಇರುತ್ತದೆ, ಬೆಟ್ಟದ ನೆಲ್ಲಿ ಇರುತ್ತದೆ. ಕಡ್ಲೆಕಾಯಿಯ ಜೊತೆ ಅದರಲ್ಲೊಂದು ತಿಂದರೆ ಅದರ ಸಿ ವಿಟಮಿನ್ನು ಕಬ್ಬಿಣವನ್ನು ಬಿಡಿಸಿ ಕೊಡುತ್ತದೆ. ಆ ಹೆಂಗಸು ಚಹಾ ಬಿಟ್ಟು ಚೊಂಬು ನೀರು ಎಂದದ್ದರಲ್ಲಿ ಎಷ್ಟು ಅರ್ಥವಿತ್ತು!

ಇನ್ನು ಮಳೆಗಾಲದ ಮಾತು. ನಾನು ಈ ಲೇಖನ ಬರೆಯುವುದಕ್ಕೆ ಮುಖ್ಯ ಕಾರಣವೂ ಅದೇ.

ಕೆಲವು ವರ್ಷಗಳ ಹಿಂದೆ, ಆಷಾಢದ ಜಡಿಮಳೆಯಲ್ಲಿ, ನಮ್ಮ ಮನೆಯಲ್ಲಿ ಬೇಸಿಗೆಯಲ್ಲಿ ತಂದಿಟ್ಟಿದ್ದ ಐದು ಕಿಲೋ ಕಡ್ಲೆಬೀಜದ ಚೀಲ ಬಿಚ್ಚಿದೆವು. ಮೇಲಿನ ಪದರ ಚೆನ್ನಾಗಿಯೇ ಇತ್ತು. ಕೈ ಒಳಗೆ ಹಾಕಿದರೆ ಬೀಜ ಮೆತ್ತಗೆ, ತಣ್ಣಗೆ, ಹಸಿ ಹಲಗೆಯ ವಾಸನೆ. ತಳದ ಬೀಜಗಳು ಸುಕ್ಕುಗಟ್ಟಿ ಮಾಸಿದ್ದವು. ಒಂದನ್ನು ಸೀಳಿ ನೋಡಿದರೆ ಎರಡು ಬೇಳೆಗಳ ನಡುವಿನ ಪೊಳ್ಳಿನಲ್ಲಿ ಹಳದಿ ಮಿಶ್ರಿತ ಹಸಿರು ಪುಡಿ. ಚಿಕ್ಕಮ್ಮ "ಹುರಿದರೆ ಸರಿಹೋಗುತ್ತೆ ಬಿಡೋ" ಎಂದು ಬಾಂಡಲೆ ಇಟ್ಟೇಬಿಟ್ಟರು. ಅವರನ್ನು ತಡೆಯುವಷ್ಟು ತಿಳಿವಳಿಕೆ ಆಗ ನನಗೂ ಇರಲಿಲ್ಲ. ಚಟ್ನಿ ಕಹಿಯಾಯಿತು, ಆಮೇಲೆ ಚೆಲ್ಲಿದೆವು.

ಆ ಹಸಿರು ಪುಡಿಯ ಹೆಸರು ಆಸ್ಪರ್‌ಜಿಲಸ್ ಫ್ಲೇವಸ್. ಅದು ಉಗುಳುವ ವಿಷ ಅಫ್ಲಾಟಾಕ್ಸಿನ್. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷದಷ್ಟು ಟರ್ಕಿ ಕೋಳಿಗಳು ಕಾರಣವೇ ಗೊತ್ತಾಗದೆ ಸತ್ತವು. ಹುಡುಕಿದಾಗ ಬೂಸ್ಟು ಹಿಡಿದ ಕಡ್ಲೆಕಾಯಿ ಹಿಂಡಿ ಸಿಕ್ಕಿತು. ಈ ವಿಷ ಜಗತ್ತಿಗೆ ಪರಿಚಯವಾದದ್ದು ಹಾಗೆ. 1974ರಲ್ಲಿ ರಾಜಸ್ಥಾನ-ಗುಜರಾತ್ ಗಡಿಯ ಬುಡಕಟ್ಟು ಹಳ್ಳಿಗಳಲ್ಲಿ ಅಕಾಲ ಮಳೆಗೆ ನೆನೆದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಯಕೃತ್ತು ಕೆಟ್ಟು ತೀರಿಕೊಂಡರು. ಅಲ್ಲೂ ಇದೇ ಬೂಸ್ಟು, ಇದೇ ವಿಷ. ಸ್ವಲ್ಪಸ್ವಲ್ಪವಾಗಿ ವರ್ಷಗಟ್ಟಲೆ ಒಳಸೇರಿದರೆ ಯಕೃತ್ತಿನ ಕ್ಯಾನ್ಸರಿಗೆ ದಾರಿ. ಕಡ್ಲೆಬೀಜದಲ್ಲಿ ಒಂದು ಕಿಲೋಗೆ 15 ಮೈಕ್ರೋಗ್ರಾಂ ದಾಟಬಾರದು ಎಂಬುದು ಅಂತರರಾಷ್ಟ್ರೀಯ ಮಿತಿ. ಮೈಕ್ರೋಗ್ರಾಂ ಎಂದರೆ ಒಂದು ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು. ಬೇಯಿಸಿದರೆ ಇದು ಹೋಗುವುದಿಲ್ಲ. ಹುರಿದರೆ ಒಂದಿಷ್ಟು ಇಳಿದೀತು, ಪೂರ್ತಿ ಹೋಗದು. ಗಾಣದ ಎಣ್ಣೆಗೆ ಈಗ ಎಲ್ಲರೂ ಮುಗಿಬೀಳುತ್ತಿರುವುದು ಸಂತೋಷವೇ. ಆದರೆ ಕಾರ್ಖಾನೆಯ ಶುದ್ಧೀಕರಣದಲ್ಲಿ ಈ ವಿಷ ಹೊರಟುಹೋಗುತ್ತದೆ, ಗಾಣದಲ್ಲಿ ಹೋಗುವುದಿಲ್ಲ. ಗಾಣಕ್ಕೆ ಹಾಕುವ ಬೀಜವನ್ನು ಆರಿಸಿ ಹಾಕಿದರೆ ಮಾತ್ರ ಆ ಎಣ್ಣೆ ಒಳ್ಳೆಯದು.

ಇಷ್ಟು ಓದಿ ಹೆದರಿ ಕಡ್ಲೆಕಾಯಿ ಬಿಡಬೇಕಾಗಿಲ್ಲ. ಅದನ್ನು ಒಣಗಿಸಿ ಇಡುವ ವಿದ್ಯೆ ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಯೂ ಇಲ್ಲ. ಕಾಫಿ ಬೆಳೆಗಾರನಿಗಿಂತ ಬೀಜದ ತೇವ ಬಲ್ಲವರು ಯಾರಿದ್ದಾರೆ? ಕಣದಲ್ಲಿ ಚೆರಿಯನ್ನು ಹಿಡಿ ತುಂಬ ತೆಗೆದು ಕಿವಿಯ ಬಳಿ ಅಲ್ಲಾಡಿಸಿ, ಒಳಗಿನ ಬೀಜ ಗಲಗಲ ಅಂದರೆ ಒಣಗಿದೆ ಎಂದು ಹೇಳುವ ಜನ ನಾವು. ಪಾರ್ಚ್‌ಮೆಂಟಿಗೆ ಶೇ 10, ರೋಬಸ್ಟಾ ಚೆರಿಗೆ ಶೇ 11 ತೇವಾಂಶ ಎಂಬುದು ತೋಟದ ರೈಟರಿಗೆ ಬಾಯಿಪಾಠ. 1925ರಿಂದ ಬಾಳೆಹೊನ್ನೂರಿನಲ್ಲಿರುವ ಕಾಫಿ ಸಂಶೋಧನಾ ಕೇಂದ್ರ ನಮಗೆ ಕಲಿಸುತ್ತ ಬಂದ ಪಾಠಗಳಲ್ಲಿ ಇದೂ ಒಂದು. ತೇವ ಉಳಿದರೆ ಕಾಫಿಗೂ ಇದೇ ಆಸ್ಪರ್‌ಜಿಲಸ್ ಕುಲದ ಬೂಸ್ಟು ಹಿಡಿದು ಓಕ್ರಾಟಾಕ್ಸಿನ್ ಬಿಡುತ್ತದೆ, ಯುರೋಪಿನ ಕೊಳ್ಳುವವರು ಅದಕ್ಕೂ ಮಿತಿ ಇಟ್ಟಿದ್ದಾರೆ. ಹೊರದೇಶದವರ ಲೋಟಕ್ಕೆ ಹೋಗುವ ಬೀಜಕ್ಕೆ ತೋರುವ ಈ ನಿಗಾ ನಮ್ಮ ಅಡುಗೆಮನೆಯ ಡಬ್ಬಿಗೂ ಬೇಕು. ಕಡ್ಲೆಕಾಯಿಯೂ ಅಲ್ಲಾಡಿಸಿದರೆ ಗಲಗಲ ಎನ್ನಬೇಕು. ಬಿಡಿಸಿದ ಬೀಜದ ತೇವ ಶೇ 7ರ ಆಸುಪಾಸಿಗೆ ಇಳಿದಿರಬೇಕು. ಎರಡು ಬೆರಳಲ್ಲಿ ಉಜ್ಜಿದರೆ ಹೊಟ್ಟು ಸರಾಗವಾಗಿ ಬಿಡಬೇಕು, ಹಲ್ಲಿಗೆ ಸಿಕ್ಕರೆ ಕಟಕ್ಕೆನ್ನಬೇಕು.

ಹಿಂದೆ ಈ ಕೆಲಸವನ್ನು ಒಲೆಯ ಮೇಲಿನ ಅಟ್ಟ ಮಾಡುತ್ತಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಗಲೂ ರಾತ್ರಿ ಹೊಗೆ, ಬಿಸಿ ಆಡುತ್ತಿದ್ದ ಆ ಜಾಗದಲ್ಲಿ ಕಾಳುಕಡಿ, ಒಣಮೆಣಸಿನಕಾಯಿ, ಬಿತ್ತನೆ ಬೀಜ ಎಲ್ಲ ಗರಿಗರಿಯಾಗಿ ಉಳಿಯುತ್ತಿದ್ದವು. ಗ್ಯಾಸ್ ಬಂತು, ಹೆಂಗಸರ ಕಣ್ಣು, ಶ್ವಾಸಕೋಶ ಹೊಗೆಯಿಂದ ಬದುಕಿದವು. ಅದು ಆಗಲೇಬೇಕಿತ್ತು. ಆದರೆ ಅಟ್ಟದ ಬದಲಿಗೆ ಏನು ಎಂಬುದನ್ನು ನಾವು ಯೋಚಿಸಲಿಲ್ಲ. ಪ್ಲಾಸ್ಟಿಕ್ ಚೀಲ ತಂದು ಸಿಮೆಂಟಿನ ನೆಲದ ಮೇಲೆ ಇಟ್ಟೆವು. ನಾನು ಈಗ ಮಾಡುತ್ತಿರುವುದು ಇಷ್ಟು: ಬೇಸಿಗೆಯಲ್ಲಿ ಸಿಪ್ಪೆ ಸಮೇತ ಕಾಯಿ ತಂದು ಎರಡು ದಿನ ಕಣದ ಬಿಸಿಲಿಗೆ ಹಾಕಿ, ಆರಿದ ಮೇಲೆ ಬಿಗಿಮುಚ್ಚಳದ ಸ್ಟೀಲ್ ಡಬ್ಬಿಗೆ ತುಂಬುತ್ತೇನೆ. ಸಿಪ್ಪೆಯೇ ಬೀಜದ ಕೊಡೆ, ಬೇಕಾದಾಗಷ್ಟೇ ಬಿಡಿಸುತ್ತೇವೆ. ಮಳೆ ಹಿಡಿದ ಮೇಲೆ ಅಂಗಡಿಯಿಂದ ತರುವುದಾದರೆ ಕಾಲು ಕಿಲೋಗಿಂತ ಹೆಚ್ಚು ತರುವುದಿಲ್ಲ. ಸುಕ್ಕಾದದ್ದು, ಮಾಸಿದ್ದು, ಮೊಳಕೆ ಒಡೆದದ್ದು, ತೂತಾದದ್ದು ಎಲ್ಲ ಆರಿಸಿ ಹೊರಗೆ. ಅದನ್ನು ಹಸುವಿಗೂ ಹಾಕುವುದಿಲ್ಲ, ಹಸು ತಿಂದದ್ದು ಹಾಲಿಗೆ ಇಳಿಯುತ್ತದೆ. ತಿನ್ನುವಾಗ ಒಂದು ಬೀಜ ಕಹಿ ಹತ್ತಿದರೆ ನಾಚಿಕೆಪಡದೆ ಉಗುಳಿಬಿಡಬೇಕು.

ಸರ್ಕಾರಿ ಶಾಲೆಗಳಲ್ಲಿ ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣಿನ ಜೊತೆ ಶೇಂಗಾ ಚಿಕ್ಕಿಯ ಆಯ್ಕೆಯೂ ಇತ್ತು. ಗುಣಮಟ್ಟ, ದಾಸ್ತಾನು, ಸಕ್ಕರೆಯ ಬಗ್ಗೆ ದೂರುಗಳೆದ್ದು 2025ರ ಆರಂಭದಲ್ಲಿ ಅದನ್ನು ಕೈಬಿಡಲಾಯಿತು. ದೂರು ನಿಜವಿದ್ದರೂ ಅದು ಕಡ್ಲೆಬೀಜದ ದೋಷವಲ್ಲ, ಇಟ್ಟುಕೊಂಡ ರೀತಿಯ ದೋಷ. ಇದೇ ಕಡ್ಲೆಬೀಜದ ಪೇಸ್ಟಿಗೆ ಹಾಲಿನ ಪುಡಿ, ಎಣ್ಣೆ, ಸಕ್ಕರೆ, ವಿಟಮಿನ್ನು ಬೆರೆಸಿ ಫ್ರಾನ್ಸಿನ ಮಕ್ಕಳ ವೈದ್ಯ ಆಂದ್ರೆ ಬ್ರಿಯಾಂ 1996ರಲ್ಲಿ ರೂಪಿಸಿದ ಆಹಾರ ಆಫ್ರಿಕಾದಲ್ಲಿ ತೀವ್ರ ಅಪೌಷ್ಟಿಕತೆಯ ಲಕ್ಷಾಂತರ ಮಕ್ಕಳನ್ನು ಬದುಕಿಸಿದೆ. ಅದರಲ್ಲಿ ನೀರಿನಂಶ ತೀರಾ ಕಡಿಮೆ, ಪೊಟ್ಟಣ ಗಾಳಿಯಾಡದಂತೆ ಮುಚ್ಚಿರುತ್ತದೆ. ಹಾಗಾಗಿ ಬಿಸಿ ದೇಶದಲ್ಲೂ ಕೆಡುವುದಿಲ್ಲ.

ಮಕ್ಕಳ ಮಾತು ಬಂದದ್ದರಿಂದ ಇನ್ನೊಂದು ಎಚ್ಚರ. ಐದು ವರ್ಷದೊಳಗಿನ ಮಗುವಿನ ಕೈಗೆ ಇಡೀ ಬೀಜ ಕೊಡಬೇಡಿ. ನಗುತ್ತಲೋ ಓಡುತ್ತಲೋ ತಿನ್ನುವಾಗ ಅದು ಶ್ವಾಸನಾಳಕ್ಕೆ ಇಳಿದರೆ ಜೀವಕ್ಕೇ ಅಪಾಯ, ಕಳಸದಿಂದ ದೊಡ್ಡ ಆಸ್ಪತ್ರೆ ಹತ್ತಿರವಿಲ್ಲ. ಪುಡಿ ಮಾಡಿ ಗಂಜಿಗೆ, ರಾಗಿ ಅಂಬಲಿಗೆ ಕಲಸಿ ಕೊಡಿ. ಕೆಲವರಿಗೆ ಕಡ್ಲೆಕಾಯಿ ಒಗ್ಗುವುದಿಲ್ಲ. ತಿಂದ ಕೂಡಲೇ ದದ್ದು, ತುಟಿ ಊತ, ಉಸಿರುಕಟ್ಟು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು, ಮತ್ತೆಂದೂ ಅದನ್ನು ಮುಟ್ಟಬಾರದು. ದೊಡ್ಡವರಿಗೆ ಹೇಳಬೇಕಾದದ್ದು ಉಪ್ಪು ಮತ್ತು ಅಳತೆಯ ಬಗ್ಗೆ. ಸಂತೆಯಲ್ಲಿ ಉಪ್ಪು ಹಾಕಿ ಬೇಯಿಸಿದ ಹಸಿ ಕಾಯಿ ನನಗೆ ಪ್ರಾಣ. ಬೆಂದ ಕಾಯಿ ನೀರು ಹೀರಿಕೊಂಡಿರುವುದರಿಂದ ಅದೇ ತೂಕದ ಹುರಿದ ಬೀಜಕ್ಕಿಂತ ಕ್ಯಾಲೊರಿ ಕಡಿಮೆ. ಅದನ್ನು ಅವತ್ತೇ ತಿಂದು ಮುಗಿಸಬೇಕು. ರಕ್ತದೊತ್ತಡವಿದ್ದವರು ಉಪ್ಪು ಕಡಿಮೆ ಹಾಕಿ ಮನೆಯಲ್ಲೇ ಬೇಯಿಸಿಕೊಳ್ಳಲಿ. ಎಣ್ಣೆಯಲ್ಲಿ ಕರಿದ ಮಸಾಲೆ ಕಡಲೆಯನ್ನು ಈ ಲೇಖನದ ಹೊಗಳಿಕೆಗೆ ಸೇರಿಸಿಕೊಳ್ಳಬೇಡಿ.

ಕೊನೆಗೆ ತೋಟದ ಮಾಲೀಕರಲ್ಲಿ ಒಂದು ಕೋರಿಕೆ. ಕುಯ್ಲಿನ ಮೂರ್ನಾಲ್ಕು ತಿಂಗಳು ಹತ್ತು ಗಂಟೆಯ ಬಿಡುವಿನಲ್ಲಿ ಬನ್ನು ಕೊಡುವ ತೋಟಗಳಿವೆ, ಬರೀ ಚಹಾ ಕೊಡುವ ತೋಟಗಳಿವೆ, ಏನೂ ಕೊಡದವೂ ಇವೆ. ಬೆಳಗಿನ ಕೆಲಸಕ್ಕೆ ಮುಂಚೆ ಚಹಾ ಕೊಡಿ. ಹತ್ತು ಗಂಟೆಗೆ ಒಣಗಿದ, ಆರಿಸಿದ, ಹುರಿದ ಕಡ್ಲೆಬೀಜ ಒಂದು ಹಿಡಿ, ತೋಟದ್ದೇ ಒಂದು ಕಿತ್ತಳೆ ಕೊಟ್ಟು ನೋಡಿ. ಗೋಡೌನಿನ ತೇವಾಂಶ ಮೀಟರನ್ನು ಒಂದು ಸಲ ಈ ಬೀಜದ ಚೀಲಕ್ಕೂ ಬಳಸಿ. ನೂರು ಆಳಿನ ತೋಟಕ್ಕೆ ದಿನಕ್ಕೆ ಬೇಕಾಗುವುದು ಮೂರು ಕಿಲೋ ಬೀಜ.